ಡೀಸೆಲ್ ಕಾರೋ, ಕರೆಂಟ್ ಕಾರೋ?

ಸಿದ್ದಾಪುರದಲ್ಲಿ ಒಂದು ಮನೆ ಇದೆ ಅಂತ ತಿಳಿಯೋಣ. ಅತ್ತೆ, ಮಗ, ಸೊಸೆ, ಎರಡು ಮಕ್ಕಳು. ಭತ್ತದ ಗದ್ದೆ ಇದೆ. ಕಿರಾಣಿ ಅಂಗಡಿಯೂ ಇದೆ. ಅಂಗಡಿ ಮಾಲಿಗಾಗಿ ಗಂಗಾವತಿಗೆ ಓಡಾಟ. ಮನೆಯ ಡೀಸೆಲ್ ಕಾರಿಗೆ 15 ವರ್ಷ ತುಂಬುತ್ತಾ ಬಂತು. ಇನ್ನು ಅದನ್ನು ಓಡಿಸಬೇಕಾದರೆ ತಪಾಸಣೆ ಮಾಡಿಸಿ, ನೋಂದಣಿ ಮತ್ತೆ ಮಾಡಿಸಬೇಕು.

"ಇದನ್ನ ಮಾರಿ ಕರೆಂಟ್ ಕಾರು ತರೋಣ" ಅಂದ ಮಗ.

"ಕರೆಂಟೇ ಹೋದರೆ ಏನ್ ಮಾಡ್ತೀ?" ಅಂದಳು ಅತ್ತೆ.

ಸೊಸೆ ಪುಸ್ತಕ, ಪೆನ್ಸಿಲ್ ತಗೊಂಡಳು. ನಾವೂ ಅವಳ ಜೊತೆ ಲೆಕ್ಕ ಮಾಡೋಣ ಬನ್ನಿ.

ಕಾರು ತಿಂಗಳಿಗೆ 1,000 ಕಿಲೋಮೀಟರ್ ಓಡುತ್ತದೆ. ಒಂದು ಲೀಟರ್ ಡೀಸೆಲ್ಲಿಗೆ 18 ಕಿಲೋಮೀಟರ್ ಬರುತ್ತದೆ ಅನ್ನಿ. ಹಾಗಾದರೆ ಸುಮಾರು 55 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೂ 5,000 ರೂಪಾಯಿ ಆಯಿತು.

ಕರೆಂಟ್ ಕಾರಿನಲ್ಲಿ ಡೀಸೆಲ್ ಟ್ಯಾಂಕ್ ಇಲ್ಲ. ದೊಡ್ಡ ಬ್ಯಾಟರಿ ಇದೆ. ಮೊಬೈಲ್ ಹಾಗೆ ಅದನ್ನು ಚಾರ್ಜ್ ಮಾಡಬೇಕು. ಚಿಕ್ಕ ಕಾರಾದರೆ ಒಂದು ಯೂನಿಟ್ಟಿಗೆ 7 ಕಿಲೋಮೀಟರ್ ಹತ್ತಿರ ಓಡುತ್ತದೆ. 1,000 ಕಿಲೋಮೀಟರಿಗೆ ಸುಮಾರು 145 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 870 ರೂಪಾಯಿ.

ಐದು ಸಾವಿರ ಎಲ್ಲಿ, ಒಂಬೈನೂರು ಎಲ್ಲಿ! ಆದರೆ ಸೊಸೆ ಪೆನ್ಸಿಲ್ ಕೆಳಗಿಡಲಿಲ್ಲ.

ಈ ಮನೆಗೆ ಗೃಹಜ್ಯೋತಿ ಇದೆ. ಅದು 2023ರಲ್ಲಿ ಬಂತು. ಮನೆ ಬಳಕೆ ತಿಂಗಳಿಗೆ 80 ಯೂನಿಟ್. ಬಿಲ್ ಸೊನ್ನೆ. ಇದಕ್ಕೆ ಕಾರಿನ 145 ಕೂಡಿಸಿದರೆ 225 ಆಗುತ್ತದೆ. 200 ದಾಟಿತೋ, ಆ ತಿಂಗಳ ಪೂರ್ತಿ ಬಿಲ್ ನಾವೇ ಕಟ್ಟಬೇಕು. 225 ಯೂನಿಟ್ಟಿಗೆ 1,350 ರೂಪಾಯಿ. ನಿಗದಿ ಶುಲ್ಕ, ತೆರಿಗೆ ಬೇರೆ.

ಆದರೂ ಡೀಸೆಲ್ಲಿಗಿಂತ ಕಡಿಮೆಯೇ. ಹೌದು. ಆದರೆ ಡೀಸೆಲ್ ದುಡ್ಡು ಗಂಡನ ಜೇಬಿನಿಂದ ಹೋಗುತ್ತಿತ್ತು. ಕರೆಂಟ್ ಬಿಲ್ಲು ಮನೆ ಖರ್ಚಿನ ಡಬ್ಬಿಯಿಂದ ಹೋಗುತ್ತದೆ. ಉಳಿದದ್ದು ಒಬ್ಬರಿಗೆ, ಖರ್ಚು ಇನ್ನೊಬ್ಬರಿಗೆ! ಈ ಮಾತನ್ನು ಕಾರು ತರುವ ಮೊದಲೇ ಆಡಿ ಮುಗಿಸಬೇಕು ಅಂತ ನಮಗನಿಸುತ್ತದೆ. ಕಾರು ಚಾರ್ಜಿಗೆ ಬೇರೆ ಮೀಟರ್ ಹಾಕಿಸಬಹುದಾ ಅಂತ ಜೆಸ್ಕಾಂ ಕಚೇರಿಯಲ್ಲಿ ಕೇಳುವುದೂ ಒಳ್ಳೆಯದು. ಗದ್ದೆಯ ಪಂಪ್‌ಸೆಟ್ ಕರೆಂಟಿಗೆ ಮಾತ್ರ ಕೈ ಹಾಕಬೇಡಿ. ಅದು ಬೆಳೆಗೆ ಕೊಟ್ಟದ್ದು. ಕಾರಿಗೆ ಬಳಸಿದರೆ ದಂಡ.

ಅತ್ತೆಯ ಪ್ರಶ್ನೆಯೂ ಸುಮ್ಮನೆ ಅಲ್ಲ. 15 ಆಂಪಿಯರ್ ಪ್ಲಗ್ಗಿನಲ್ಲಿ ಚಿಕ್ಕ ಕಾರು ತುಂಬಲು ಎಂಟೊಂಬತ್ತು ತಾಸು ಬೇಕು. ರಾತ್ರಿ ಕರೆಂಟ್ ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಗಂಗಾವತಿಗೆ ಹೋಗಿ ಬರಲು ಅರ್ಧ ಚಾರ್ಜ್ ಸಾಕು. ಆದರೆ ಯಾರಿಗಾದರೂ ಹುಷಾರಿಲ್ಲದೆ ಹುಬ್ಬಳ್ಳಿ ದವಾಖಾನೆಗೆ ಓಡಬೇಕಾದರೆ? ಚಿಕ್ಕ ಕಾರಿಗೆ ಒಂದೇ ಚಾರ್ಜಿನಲ್ಲಿ ಹೋಗಿ ಬರೋದು ಆಗೋದಿಲ್ಲ. ದಾರಿಯಲ್ಲಿ ಚಾರ್ಜ್ ಮಾಡುವ ಜಾಗ ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಬೇಕು. ಅಲ್ಲಿ ದರವೂ ಮನೆಗಿಂತ ಹೆಚ್ಚು.

ಕರೆಂಟ್ ಕಾರು ನಮ್ಮ ನಾಡಿಗೆ ಹೊಸದೇನಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಚೇತನ್ ಮೈನಿ ಅವರ ಕಂಪನಿ 'ರೇವಾ' ಅನ್ನುವ ಪುಟ್ಟ ಕಾರು ತಂದಿತು. ಅದು ಒಂದು ಚಾರ್ಜಿಗೆ 80 ಕಿಲೋಮೀಟರ್ ಓಡುತ್ತಿತ್ತು. ಈಗ ಬ್ಯಾಟರಿ ಸುಧಾರಿಸಿದೆ. ಬಹಳ ಕಂಪನಿಗಳು ಬ್ಯಾಟರಿಗೆ 8 ವರ್ಷ ಗ್ಯಾರಂಟಿ ಕೊಡುತ್ತವೆ. ಆ ಕಾಗದ ಓದದೆ ಸಹಿ ಹಾಕಬೇಡಿ.

ಹೊಗೆಯ ಮಾತೂ ಇದೆ. ಡೀಸೆಲ್ ಹೊಗೆಯಿಂದ ಕ್ಯಾನ್ಸರ್ ಬರುತ್ತದೆ ಅಂತ 2012ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳಿದರು. ಕರೆಂಟ್ ಕಾರಿಗೆ ಹೊಗೆ ಕೊಳವೆಯೇ ಇಲ್ಲ. ಮುನಿರಾಬಾದಿನಲ್ಲಿ ತುಂಗಭದ್ರೆಯ ನೀರಿನಿಂದ ಕರೆಂಟ್ ಬರುತ್ತದೆ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಡುತ್ತಾರೆ. ಹೊಗೆ ಪೂರ್ತಿ ಹೋಯಿತು ಅನ್ನಲಾಗದು. ನಮ್ಮ ಅಂಗಳದಿಂದ ಹೋಯಿತು, ಅಷ್ಟೇ.

ಹೊಸ ಕಾರಿಗೆ ಏಳೆಂಟು ಲಕ್ಷವಾದರೂ ಬೇಕು. ತಿಂಗಳಿಗೆ 300 ಕಿಲೋಮೀಟರ್ ಓಡಿಸುವ ಮನೆಯವರು ಸಾಲ ಮಾಡಿ ಕೊಂಡರೆ ನಷ್ಟವೇ. ಈ ಮನೆಯದು ಸಾವಿರ. ತಿಂಗಳಿಗೆ ಮೂರು ಸಾವಿರದ ಮೇಲೆ ಉಳಿಯುತ್ತದೆ.

ಕೊನೆಗೆ ಸೊಸೆ ಎರಡು ಮಾತು ಬರೆದು ಗಂಡನ ಮುಂದೆ ಇಟ್ಟಳು. ಡೀಸೆಲ್ ದುಡ್ಡಿನಲ್ಲಿ ಎರಡು ಸಾವಿರ ಪ್ರತಿ ತಿಂಗಳು ಡಬ್ಬಿಗೆ ಬರಬೇಕು. ಕಾರು ಬರುವ ಮೊದಲು ಮನೆಯ ವೈರು, ಅರ್ಥಿಂಗ್ ಪರೀಕ್ಷೆ ಆಗಬೇಕು. ಗಂಡ ಓದಿದ, ಸಹಿ ಹಾಕಿದ. ಮರುದಿನ ಮೊದಲು ಕರೆಸಿದ್ದು ವೈರಿಂಗ್ ಮಾಡುವವನನ್ನು.