ಕೆರೆ ತುಂಬಿದರೆ ರಾಜಹಂಸ ಬರುತ್ತಾ?

ಮಾದಾಪುರದಲ್ಲಿ ಕೆಲಸ ಮಾಡೋ ನಮ್ಮ ಬಾಗಲಕೋಟೆ ಗೆಳೆಯರೊಬ್ಬರು ಕೇಳಿದ್ರು: "ಅಮೀನ್‌ಪುರ ಕೆರೆಗೆ ರಾಜಹಂಸ ಬರ್ತಾವಲ್ಲ, ಮಳೆ ಚೆನ್ನಾಗಿ ಆದ ವರ್ಷ ಇನ್ನೂ ಜಾಸ್ತಿ ಬರಬೇಕಲ್ವಾ ಸರ್?" ಹಾಗೆ ಅನಿಸೋದು ಸಹಜ. ಆದರೆ ರಾಜಹಂಸ ಹುಡುಕೋದು ನೀರನ್ನಲ್ಲ, ನೀರೊಳಗಿನ ಊಟವನ್ನ.

ನಮ್ಮ ದೇಶದಲ್ಲಿ ಎರಡು ಜಾತಿ ಇವೆ. ಅಮೀನ್‌ಪುರದಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಕಾಣೋದು ದೊಡ್ಡ ರಾಜಹಂಸ. ಸಣ್ಣ ಸಿಗಡಿ, ಹುಳ, ಬೀಜ, ಪಾಚಿ ಎಲ್ಲಾ ತಿನ್ನುತ್ತೆ. ಆದರೆ ಕಾಲೂರಿ ನಡೆಯುವಷ್ಟು ತೆಳು ನೀರು ಬೇಕು. ಕೆರೆ ಕೋಡಿ ಬಿದ್ದರೆ ಅದಕ್ಕೆ ನಿಲ್ಲೋ ಜಾಗವೇ ಇಲ್ಲ.

ಇನ್ನೊಂದು ಸಣ್ಣ ರಾಜಹಂಸ. ಇದರ ಊಟ ಬಹುಪಾಲು ಒಂದೇ: ಸವಳು ನೀರಲ್ಲಿ ಬೆಳೆಯೋ ನೀಲಿ-ಹಸಿರು ಪಾಚಿ. ಅದರಲ್ಲೂ ಸ್ಪಿರುಲಿನಾ, ಮೆಡಿಕಲ್ ಶಾಪಿನಲ್ಲಿ ಮಾತ್ರೆಯಾಗಿ ಸಿಗುತ್ತಲ್ಲ, ಅದೇ. ಕೊಕ್ಕನ್ನು ತಲೆಕೆಳಗೆ ಮಾಡಿ, ನಾಲಿಗೆಯಿಂದ ನೀರೆಳೆದು, ಕೊಕ್ಕಿನೊಳಗಿನ ಸಣ್ಣ ಜರಡಿಯಲ್ಲಿ ಪಾಚಿ ಸೋಸಿಕೊಳ್ಳುತ್ತೆ. ಒಂದು ಹಕ್ಕಿಗೆ ದಿನಕ್ಕೆ ಒಣ ತೂಕದಲ್ಲಿ ಸುಮಾರು 60 ಗ್ರಾಂ ಬೇಕು. ಗುಲಾಬಿ ಬಣ್ಣ ಬರೋದೂ ಆ ಪಾಚಿಯಿಂದಲೇ.

ಇಲ್ಲೇ ಇರೋದು ತೊಡಕು. ಪಿಎಚ್ 10ರ ಆಸುಪಾಸಿನ ಸವಳು ನೀರಲ್ಲಿ ಬೇರೆ ಪಾಚಿಗಳು ಬಾಳೋದು ಕಷ್ಟ, ಸ್ಪಿರುಲಿನಾಗೆ ಎದುರಾಳಿಯೇ ಇಲ್ಲ. ಮಳೆ ಹೆಚ್ಚಾಗಿ ಕೆರೆ ತುಂಬಿದರೆ ಸವಳು ತಿಳಿಯಾಗುತ್ತೆ, ಪಾಚಿ ಕಡಿಮೆಯಾಗುತ್ತೆ. ಸಾರಿಗೆ ನೀರು ಬೆರೆಸಿದ ಹಾಗೆ: ಪಾತ್ರೆ ತುಂಬಿರುತ್ತೆ, ಹೊಟ್ಟೆ ತುಂಬಲ್ಲ. ಹಾಗಂತ ಕೆರೆ ಪೂರ್ತಿ ಒಣಗಿದರೂ ಊಟ ಇಲ್ಲ.

ಇದು ಬರೀ ಲೆಕ್ಕಾಚಾರದ ಮಾತಲ್ಲ. ಜಗತ್ತಿನ ಸಣ್ಣ ರಾಜಹಂಸಗಳಲ್ಲಿ ಸುಮಾರು ಮುಕ್ಕಾಲು ಪಾಲು ಪೂರ್ವ ಆಫ್ರಿಕಾದಲ್ಲಿವೆ. ಅಲ್ಲಿನ 22 ಸವಳು ಸರೋವರಗಳ 1999ರಿಂದ 2022ರವರೆಗಿನ ಉಪಗ್ರಹ ಚಿತ್ರಗಳನ್ನು ವಿಜ್ಞಾನಿಗಳು ನೋಡಿ, 2024ರಲ್ಲಿ ವರದಿ ಪ್ರಕಟಿಸಿದರು. ಕೀನ್ಯಾದ ನಕುರು ಸರೋವರ 2009ರಿಂದ 2022ರೊಳಗೆ ಶೇ. 90ರಷ್ಟು ಹಿಗ್ಗಿದೆ. ಅದೇ ಅವಧಿಯಲ್ಲಿ ಅದರ ಪಾಚಿಯ ಸಾಂದ್ರತೆ ಅರ್ಧಕ್ಕಿಳಿದಿದೆ.

ಹಕ್ಕಿಗಳು ಬೇರೆ ಕಡೆ ಹೋಗಬಹುದಲ್ವಾ? ಹೋಗ್ತಾವೆ. ಒಂದು ಸರ್ವರ್ ಬಿದ್ದರೆ ಇನ್ನೊಂದಕ್ಕೆ ಹೋದ ಹಾಗೆ, ರಾತ್ರೋರಾತ್ರಿ ನೂರಾರು ಕಿಲೋಮೀಟರ್ ಹಾರ್ತಾವೆ. ಆದರೆ ಹೊಸ ಕೆರೆಗೆ ನಕುರು ರಾಷ್ಟ್ರೀಯ ಉದ್ಯಾನದಂಥ ಕಾವಲು ಇರಬೇಕಲ್ಲ. ಮೇಲಾಗಿ ಆ ಭಾಗದ ಹಕ್ಕಿಗಳು ಮರಿ ಮಾಡೋದು ಹೆಚ್ಚುಕಡಿಮೆ ಟಾಂಜಾನಿಯಾದ ನಾಟ್ರಾನ್ ಒಂದರಲ್ಲೇ. ಊಟ ದೂರಾದಷ್ಟೂ ಸಂಸಾರ ಕಷ್ಟ. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಕಡೆ ಇದಕ್ಕೆ ಉಲ್ಟಾ ಕಥೆಯೂ ಇದೆ. ಮುಂಬೈನ ಠಾಣೆ ಖಾರಿಗೆ ನಗರದ ಕೊಳಚೆ ಸೇರಿ ಪಾಚಿ ಹೆಚ್ಚಿತು, ಸಣ್ಣ ರಾಜಹಂಸಗಳು ಸಾವಿರಗಟ್ಟಲೆ ಬಂದವು. ಹಾಗಂತ ಕೊಳಚೆ ಒಳ್ಳೇದು ಅಂದುಕೊಳ್ಳಬೇಡಿ. ಮಿತಿ ಮೀರಿದರೆ ನೀರಿನ ಆಮ್ಲಜನಕ ಹೋಗುತ್ತೆ, ವಿಷಕಾರಿ ಪಾಚಿಯೂ ಹುಟ್ಟಬಹುದು.

ಹಾಗಾಗಿ ಗೆಳೆಯರಿಗೆ ನನ್ನ ಉತ್ತರ ಇಷ್ಟೇ: ಒಂದು ಕೆರೆ ಉಳಿಸಿದರೆ ಸಾಲದು, ಸುತ್ತಮುತ್ತ ಹತ್ತು ಕೆರೆ ಉಳೀಬೇಕು. ಒಂದು ತುಂಬಿದಾಗ ಇನ್ನೊಂದರಲ್ಲಿ ತೆಳು ನೀರಿರಬೇಕು. ಈ ಚಳಿಗಾಲದಲ್ಲಿ ಅಮೀನ್‌ಪುರಕ್ಕೆ ಹೋದರೆ ದೂರ ನಿಂತು ನೋಡಿ, ಡ್ರೋನ್ ಹಾರಿಸಬೇಡಿ. ಪ್ರತಿ ಸಲ ಬೆದರಿ ಎದ್ದಾಗಲೂ ಅದು ಊಟ ಬಿಟ್ಟು ಏಳುತ್ತೆ.

ಮುಂದಿನ ವಾರ ಸಿಗೋಣ.