ಹೊಸ ಟಾಯರ್ ಹಾಕಿದ ಮೇಲೆ ಸ್ಟೇರಿಂಗ್ ನಡುಗಿದರೆ



ಇಸಳೂರಿನಿಂದ ಶಿರಸಿಗೆ ಅಡಿಕೆ ಮೂಟೆ ಒಯ್ಯುವ ನಮ್ಮ ಜೀಪಿಗೆ ಹೊಸ ಗಾಲಿ, ಟಾಯರು ಹಾಕಿಸಿದೆವು. ತೋಟದ ರಸ್ತೆಯಲ್ಲಿ ಏನೂ ತಿಳಿಯಲಿಲ್ಲ. ಡಾಂಬರು ರಸ್ತೆಯಲ್ಲಿ ವೇಗ 70 ಕಿ.ಮೀ. ದಾಟಿದೊಡನೆ ಸ್ಟೇರಿಂಗ್ ನಡುಗತೊಡಗಿತು.

ಮೊದಲು ನಟ್ಟು ನೋಡಬೇಕು. ಸಡಿಲ ನಟ್ಟು ದೇವಿಮನೆ ಘಟ್ಟದಲ್ಲಿ ಜೀವಕ್ಕೇ ಎರವು. ಗಾಲಿ ಬಿಚ್ಚಿ, ಹಬ್ಬಿನ ತುಕ್ಕು, ಕೆಸರು ಉಜ್ಜಿ, ನಟ್ಟುಗಳನ್ನು ಎದುರುಬದುರಾಗಿ ಬಿಗಿಯಬೇಕು. ಸುಮಾರು 100 ಕಿ.ಮೀ. ಓಡಿದ ಮೇಲೆ ಪುನಃ ಬಿಗಿಯಬೇಕು.

ಆದರೂ ನಡುಗಿದರೆ ಬ್ಯಾಲೆನ್ಸ್ ಮಾಡಿಸುವುದು. ಮುಂದಿನ ಗಾಲಿಗಳನ್ನು ಹಿಂದಕ್ಕೆ ಹಾಕಿದಾಗ ನಡುಕ ಸ್ಟೇರಿಂಗ್ ಬಿಟ್ಟು ಸೀಟಿಗೆ ಬಂದರೆ, ದೋಷ ಆ ಗಾಲಿಗಳದೇ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕಿನ ಡಿಸ್ಕ್ ಪರೀಕ್ಷಿಸಬೇಕು.

ನಮ್ಮ ಜೀಪಿನಲ್ಲಿ ಸಿಕ್ಕಿದ್ದು ಹಬ್ಬಿಗೆ ಅಂಟಿದ್ದ ತುಕ್ಕಿನ ಹಕ್ಕಳೆ. ಉಜ್ಜಿ ತೆಗೆದೆವು, ನಡುಕ ನಿಂತಿತು. ಟಾಯರು ಬದಲಿಸುವ ಮೊದಲೇ ಬಾಂಧವರು ಇದನ್ನು ನೋಡಿಕೊಳ್ಳಬೇಕಾಗಿ ವಿನಂತಿ.