ಕಪ್ಪತಗುಡ್ಡದ ಚಿನ್ನ, ಬ್ರಹ್ಮಾಂಡದ ಮೊದಲ ಗಳಿಗೆ

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದಂತೆ ಚಿನ್ನಕ್ಕೂ ಹೆಸರಾದದ್ದು. ಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಆರಿಸುವ ಜಲಗಾರರು ಇಲ್ಲಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಇಲ್ಲಿನ ಡಂಬಳ ಗುಡ್ಡಗಳ ಚಿನ್ನದ ಶಿಲೆಗಳ ಬಗ್ಗೆಯೇ ಲೇಖನ ಬರೆದರು.

ಭೌತವಿಜ್ಞಾನಿಗಳಿಗೆ ಚಿನ್ನ ಬೇಕಾದದ್ದು ಅದರ ಹೊಳಪಿಗಲ್ಲ, ನ್ಯೂಕ್ಲಿಯಸ್ಸಿಗೆ. ಅದರಲ್ಲಿ 79 ಪ್ರೋಟಾನು, 118 ನ್ಯೂಟ್ರಾನುಗಳಿವೆ. ನಿಸರ್ಗದ ಚಿನ್ನವೆಲ್ಲ ಇದೊಂದೇ ಐಸೊಟೋಪು. ಹಾಗಾಗಿ ಡಂಬಳದ ಚಿನ್ನದ ನ್ಯೂಕ್ಲಿಯಸ್ಸಿಗೂ ಅಮೆರಿಕದ ಚಿನ್ನದ ನ್ಯೂಕ್ಲಿಯಸ್ಸಿಗೂ ಎಳ್ಳಷ್ಟೂ ವ್ಯತ್ಯಾಸವಿಲ್ಲ. ಅದು ಭಾರವಾದದ್ದು, ಹೆಚ್ಚುಕಡಿಮೆ ಗುಂಡಾಗಿಯೂ ಇದೆ. ಡಿಕ್ಕಿ ಹೊಡೆಸಿ ಲೆಕ್ಕ ಹಾಕುವವರಿಗೆ ಇದಕ್ಕಿಂತ ಅನುಕೂಲದ ವಸ್ತು ಅಪರೂಪ.

ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಸುಮಾರು 3.8 ಕಿಲೋಮೀಟರ್ ಸುತ್ತಳತೆಯ 'ರಿಕ್' ಯಂತ್ರ 2000ನೇ ಇಸವಿಯಲ್ಲಿ ಈ ಕೆಲಸ ಶುರುಮಾಡಿ 2026ರವರೆಗೆ ನಡೆಸಿತು. ಎಲೆಕ್ಟ್ರಾನುಗಳನ್ನು ಪೂರ್ತಿ ಕಳಚಿದ ಚಿನ್ನದ ನ್ಯೂಕ್ಲಿಯಸ್ಸುಗಳು ಎದುರುಬದುರು ದಿಕ್ಕಿನಲ್ಲಿ, ಬೆಳಕಿನ ವೇಗಕ್ಕೆ ತೀರ ಸಮೀಪದ ವೇಗದಲ್ಲಿ ಓಡಿ ಡಿಕ್ಕಿಯಾಗುತ್ತಿದ್ದವು. ಆ ಕ್ಷಣದ ಉಷ್ಣತೆ ಸುಮಾರು 4 ಲಕ್ಷ ಕೋಟಿ ಡಿಗ್ರಿ ಸೆಲ್ಸಿಯಸ್. ಸೂರ್ಯನ ಒಡಲಿಗಿಂತ ಎರಡೂವರೆ ಲಕ್ಷ ಪಟ್ಟು ಹೆಚ್ಚು.

ಪ್ರೋಟಾನು, ನ್ಯೂಟ್ರಾನುಗಳ ಒಳಗೆ ಕ್ವಾರ್ಕುಗಳಿವೆ. ಅವುಗಳನ್ನು ಬಿಗಿದು ಹಿಡಿದಿರುವುದು ಗ್ಲುವಾನುಗಳು. ಕ್ವಾರ್ಕೊಂದನ್ನು ಎಳೆದಷ್ಟೂ ಈ ಹಿಡಿತ ಸಡಿಲವಾಗುವುದಿಲ್ಲ. ಅದಕ್ಕೇ ಒಂಟಿ ಕ್ವಾರ್ಕನ್ನು ಯಾರೂ ಕಂಡಿಲ್ಲ. ಉಷ್ಣತೆ ಸುಮಾರು 2 ಲಕ್ಷ ಕೋಟಿ ಡಿಗ್ರಿ ಮುಟ್ಟಿದಾಗ ಮಾತ್ರ ಪ್ರೋಟಾನು, ನ್ಯೂಟ್ರಾನುಗಳ ಗಡಿ ಅಳಿಸಿಹೋಗಿ, ಕ್ವಾರ್ಕು-ಗ್ಲುವಾನುಗಳೆಲ್ಲ ಒಂದರೊಳಗೊಂದು ಬೆರೆಯುತ್ತವೆ. ಇದೇ ಕ್ವಾರ್ಕ್-ಗ್ಲುವಾನ್ ಪ್ಲಾಸ್ಮಾ. ಮಹಾಸ್ಫೋಟದ ನಂತರದ ಮೊದಲ ಕೆಲವು ಮೈಕ್ರೋಸೆಕೆಂಡು ಇಡೀ ಬ್ರಹ್ಮಾಂಡ ಹೀಗೇ ಇತ್ತು.

ಯಂತ್ರದಲ್ಲಿ ಹುಟ್ಟುವ ಈ ಹನಿ ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಆರಿ, ಸಾವಿರಾರು ಕಣಗಳಾಗಿ ಚೆದುರುತ್ತದೆ. ಹಾಗಿದ್ದರೆ ಅದರ ಗುಣ ತಿಳಿಯುವುದು ಹೇಗೆ? ನ್ಯೂಕ್ಲಿಯಸ್ಸುಗಳು ನೇರವಾಗಿ ಗುದ್ದದೆ ಅರೆಬರೆ ತಾಗಿದಾಗ ಅವು ಒಂದರ ಮೇಲೊಂದು ಬರುವ ಭಾಗ ಬಾದಾಮಿಯ ಆಕಾರದಲ್ಲಿರುತ್ತದೆ. ಅದು ಅನಿಲವಾಗಿದ್ದರೆ ಕಣಗಳು ಎಲ್ಲ ದಿಕ್ಕಿಗೂ ಸಮನಾಗಿ ಹಾರಬೇಕು. ದ್ರವವಾಗಿದ್ದರೆ ಬಾದಾಮಿಯ ಕಿರಿದಾದ ಅಡ್ಡಗಲದ ದಿಕ್ಕಿನಲ್ಲಿ ಒತ್ತಡ ಬೇಗ ಇಳಿಯುತ್ತದೆ. ಕಣಗಳೂ ಅದೇ ದಿಕ್ಕಿಗೆ ಹೆಚ್ಚು ನುಗ್ಗುವುದು ಕಂಡಿತು. ಹೀಗೆ ಕೂಡಿ ಹರಿಯುವುದು ದ್ರವದ ಲಕ್ಷಣ. ಅನಿಲವನ್ನು ನಿರೀಕ್ಷಿಸಿದ್ದವರಿಗೆ ಸಿಕ್ಕಿದ್ದು ಸ್ನಿಗ್ಧತೆ ತೀರ ಕಡಿಮೆಯ, 'ಪರಿಪೂರ್ಣ'ವೆನ್ನಬಹುದಾದ ದ್ರವ. 2005ರಲ್ಲಿ ಬ್ರೂಕ್‌ಹೇವನ್ ಇದನ್ನು ಪ್ರಕಟಿಸಿತು.

ಜಿನೀವಾ ಬಳಿಯ ಇನ್ನೊಂದು ಪ್ರಯೋಗಾಲಯ ಸರ್ನ್‌ನಲ್ಲಿ 2010ರಿಂದ ಸೀಸದ ನ್ಯೂಕ್ಲಿಯಸ್ಸುಗಳನ್ನು ಡಿಕ್ಕಿ ಹೊಡೆಸುತ್ತಿದ್ದಾರೆ. ಅಲ್ಲಿ ಅವು ಒಂದನ್ನೊಂದು ತಾಗದೆ ಪಕ್ಕದಲ್ಲೇ ಹಾದುಹೋದಾಗಲೂ ವಿದ್ಯುತ್ಕಾಂತ ಕ್ಷೇತ್ರದ ಹೊಡೆತಕ್ಕೆ ಸೀಸದ 82 ಪ್ರೋಟಾನುಗಳಲ್ಲಿ 3 ಉದುರಿ ಕೆಲವು ಚಿನ್ನವಾಗುತ್ತವೆ. 2015ರಿಂದ 2018ರ ನಡುವೆ ಹೀಗೆ ಸುಮಾರು 8,600 ಕೋಟಿ ಚಿನ್ನದ ನ್ಯೂಕ್ಲಿಯಸ್ಸುಗಳು ಹುಟ್ಟಿದವೆಂದು ಅಲ್ಲಿನ 'ಆಲಿಸ್' ಪ್ರಯೋಗದ ತಂಡ 2025ರಲ್ಲಿ ಲೆಕ್ಕ ಕೊಟ್ಟಿತು. ಒಟ್ಟು ತೂಕ ಒಂದು ಗ್ರಾಮಿನ ಲಕ್ಷ ಕೋಟಿ ಭಾಗಗಳಲ್ಲಿ 29 ಭಾಗ! ಹುಟ್ಟಿದ ಮರುಕ್ಷಣವೇ ಅವು ಯಂತ್ರದ ಗೋಡೆಗೆ ಬಡಿದು ಒಡೆದುಹೋದವು. ಮೂಗುತಿಗೆ ಹತ್ತುವಷ್ಟು ಚಿನ್ನವೂ ಇದರಿಂದ ಬರಲಾರದು. ಬಂದದ್ದು ಜ್ಞಾನ.

ಈ ಪ್ರಯೋಗಗಳಲ್ಲಿ ಭಾರತದ ಕೈಯೂ ಇದೆ. ರಿಕ್‌ನ 'ಸ್ಟಾರ್' ಮತ್ತು ಸರ್ನ್‌ನ 'ಆಲಿಸ್' ಪ್ರಯೋಗಗಳೆರಡಕ್ಕೂ ಫೋಟಾನುಗಳನ್ನು ಎಣಿಸುವ ಉಪಕರಣ ಕಟ್ಟಿಕೊಟ್ಟದ್ದು ಕೋಲ್ಕತ್ತದ ವೇರಿಯೇಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರದ ಮುಂದಾಳತ್ವದ ಭಾರತೀಯ ತಂಡ. ಆಲಿಸ್‌ನ ಒಂದಿಷ್ಟು ದತ್ತಾಂಶವನ್ನು ಸರ್ನ್ ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಂಡರಗಿಗಳ ಕಾಲೇಜುಗಳ ಭೌತಶಾಸ್ತ್ರ ಮೇಷ್ಟ್ರುಗಳು ಅದನ್ನು ತಮ್ಮ ಬಿ.ಎಸ್ಸಿ. ಮಕ್ಕಳ ಮುಂದಿಡಬೇಕು. ಅದಕ್ಕೆ ಬೇಕಾದದ್ದು ಒಂದು ಕಂಪ್ಯೂಟರು, ಇಂಟರ್ನೆಟ್ಟು, ಕಲಿಸುವ ಹುಮ್ಮಸ್ಸು, ಇಷ್ಟೇ.